ಹುಲ್ಲಿಗೆ ಹದ ಮಾಡಿದ ನೆಲ

ಛತ್ರಿ ಹುಡುಕಲು ಕಪಾಟು ತೆಗೆದರೆ ನಿನ್ನೆ ಕೈಗೆ ಸಿಕ್ಕಿದ್ದು ಅರ್ಧ ಪಾಕೀಟು ಹುಲ್ಲಿನ ಬೀಜ. ಹೌದು ಸ್ವಾಮಿ, ದುಡ್ಡು ಕೊಟ್ಟು ತಂದ ಹುಲ್ಲು. ನಗಬೇಡಿ, ನಗುವವರು ಆಗಲೇ ನಕ್ಕು ಮುಗಿಸಿದ್ದಾರೆ.

ಅದನ್ನು ತಂದಾಗ ಗೋವಾದ ಕೆಪೆಯಲ್ಲಿ ಅಂಗಳವಿರುವ ಬಾಡಿಗೆ ಮನೆ ಸಿಕ್ಕ ಹೊಸತು. ಧಾರವಾಡದ ಕಡೆ ಎರೆಹೊಲ ಮಾಡಿಕೊಂಡಿರುವ ನನ್ನ ಮಾವನವರು ಮದುವೆಯ ಪಂಕ್ತಿಯಲ್ಲೇ ಸಾರಿದ್ದರು: "ಅಳಿಯಾರು ಆಫೀಸಿನವ್ರು. ಅವ್ರ ಕೈಲೆ ಒಂದ ಹುಲ್ಲಕಡ್ಡಿನೂ ಬೆಳಿಯೂದಿಲ್ಲ." ಆ ಮಾತು ಹನ್ನೊಂದು ವರ್ಷ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಅವರು ಮೊದಲ ಸಲ ಗೋವಾಕ್ಕೆ ಬರುತ್ತಾರೆಂದಾಗ ಹಟ ಹುಟ್ಟಿತು. ಹುಲ್ಲನ್ನೇ ಬೆಳೆದು ತೋರಿಸುತ್ತೇನೆ!

ಅಗೆಯಲು ಬಂದವಳು ವಿಜಯಪುರದ ಬಸವ್ವ, ಕಟ್ಟಡದ ಕೆಲಸದವಳು. ಕೆಂಪು ಕಲ್ಲು ಹೆಕ್ಕಿ, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಹಲಗೆ ಎಳೆದು ಸಮ ಮಾಡಿದಳು. ನಾನು ಮೊಬೈಲ್ ನೋಡಿ ಅಪ್ಪಣೆ ಕೊಡುತ್ತಿದ್ದೆ. ಈಗ ನೀರು ಹಾಕಿ ಮಣ್ಣಿನಲ್ಲಿ ಅಡಗಿರುವ ಕಳೆ ಹುಟ್ಟಿಸಬೇಕು, ಹುಟ್ಟಿದ್ದನ್ನು ಕೀಳಬೇಕು, ಬಿತ್ತುವುದು ಆಮೇಲೆ.

"ಸಾಹೇಬ್ರ, ಹುಲ್ಲ ಬೆಳಸಿ, ಹುಲ್ಲ ಕಿತ್ತು, ಹುಲ್ಲ ಬಿತ್ತೂದೇನ್ರಿ? ಆರಾಮ ಅದೀರಿಲ್ಲೋ?"

"ನಿನಗ ತಿಳಿಯೂದಿಲ್ಲ ಬಸವ್ವ. ಒಂದ ಎಳಿ ಕಂಡ್ರೂ ಕಿತ್ತ ಒಗಿ," ಎಂದೆ, ಭಾರೀ ಗತ್ತಿನಿಂದ.

ಕಳೆ ಕಿತ್ತ ಮೇಲೆ ನೆಲ ಗಟ್ಟಿಯಾಗಲೆಂದು ನಾನು, ಹೆಂಡತಿ, ಬಸವ್ವ ಸಾಲಾಗಿ ಹಿಮ್ಮಡಿ ಊರಿ ಇಂಚಿಂಚು ನಡೆದೆವು. ಪಕ್ಕದ ಮನೆಯ ಕೊಂಕಣಿ ಮುದುಕಿ ಯಾವುದೋ ವ್ರತವೆಂದುಕೊಂಡು ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಕೈಮುಗಿದರು. ಬೀಜ ಮಾತ್ರ ಭಾನುವಾರ ನಾನೊಬ್ಬನೇ ಚೆಲ್ಲಿದೆ. ಕೀರ್ತಿಯಲ್ಲಿ ಯಾರಿಗೂ ಪಾಲು ಹೋಗಬಾರದೆಂದು, ಬಿತ್ತಿದ್ದನ್ನು ಬಸವ್ವನಿಗೆ ಹೇಳಲೂ ಇಲ್ಲ. ಹತ್ತನೇ ದಿನ ಹಸಿರು ಕಂಡಿತು. ನಾನು ಕುಣಿಯುವುದೊಂದು ಬಾಕಿ. ದಿನಾ ನೀರು ಹಾಕಲು ಬಸವ್ವನಿಗೆ ಹೇಳಿ, ಮಾವನವರನ್ನು ಕರೆತರಲು ಹೆಂಡತಿಯೊಡನೆ ಧಾರವಾಡಕ್ಕೆ ಹೋದೆ. "ಬರ್ರಿ, ನೋಡೂವಂತ್ರಿ" ಎಂದು ವಾಪಸು ಬರುವ ದಾರಿಯುದ್ದಕ್ಕೂ ಕೊಚ್ಚಿಕೊಂಡೆ.

ಗೇಟು ತೆಗೆದರೆ ಬೋಳು ಕೆಂಪು ನೆಲ!

ಬಸವ್ವ ಸೆರಗಿನಿಂದ ಬೆವರೊರೆಸಿಕೊಂಡಳು. "ಮತ್ತ ಹುಟ್ಟಿತ್ರಿ ಹಾಳಾದ್ದು! ಎರಡ ದಿನಾ ಕುಂತು, ಒಂದೂ ಬಿಡದಂಗ ಕಿತ್ತೇನಿ."

ನನಗೆ ಅಳುವೇ ಬಂತು. ಮಾವನವರು ಚಪ್ಪಲಿ ಕಳಚಿ ಅಂಗಳಕ್ಕಿಳಿದರು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರು, ಮೂಸಿದರು. ಬಂದು ನನ್ನ ಬೆನ್ನು ತಟ್ಟಿದರು.

"ಅಳಿಯಾರ, ಹೊಲ ಅಂದ್ರ ಹಿಂಗಿರಬೇಕ ನೋಡ್ರಿ. ಹುಡುಕಿದ್ರೂ ಒಂದ ಹುಲ್ಲಕಡ್ಡಿ ಇಲ್ಲ! ಏನ ಬಿತ್ತಾವ್ರದೀರಿ?"

"ಶೇಂಗಾರಿ," ಎಂದೆ.

ಅಂದಿನಿಂದ ಪ್ರತಿ ವರ್ಷ ಶೇಂಗಾ ಬಿತ್ತಿ, ಬೆಳೆದದ್ದನ್ನು ಧಾರವಾಡಕ್ಕೆ ಕಳಿಸುತ್ತಿದ್ದೇನೆ. ಮಾವನವರು ಅದನ್ನು ಬಂದವರಿಗೆಲ್ಲ ಹಂಚಿ, "ನಮ್ಮ ಅಳಿಯಾರು ಬೆಳದದ್ದು" ಎನ್ನುತ್ತಾರಂತೆ. ಕೇಳಿದಾಗಲೆಲ್ಲ ಎದೆಯುಬ್ಬುತ್ತದೆ, ಸುಳ್ಳೇಕೆ ಹೇಳಲಿ.

ನಿನ್ನೆ ಶೇಂಗಾದ ಕಳೆ ಕೀಳುತ್ತಿದ್ದ ಬಸವ್ವನಿಗೆ ಪಾಕೀಟು ತೋರಿಸಿದೆ. "ಇದನ್ನ ಒಂದ ಮೂಲ್ಯಾಗ ಬಿತ್ತೂಣೇನು?"

ಅವಳು ಅತ್ತಿತ್ತ ನೋಡಿ, ಪಾಕೀಟು ಕಸಿದು ಸೆರಗಿನಲ್ಲಿ ಮುಚ್ಚಿಕೊಂಡಳು. "ಸುಮ್ನಿರ್ರಿ ಸಾಹೇಬ್ರ! ನಿಮ್ಮ ಮಾವಾರಿಗೆ ಗೊತ್ತಾದ್ರ ನಮ್ಮಿಬ್ಬರ ಮಾನಾನೂ ಹೋಗತೈತಿ."

ಖರೇ. ಖುರ್ಪಿ ತಂದು ಅವಳ ಪಕ್ಕದಲ್ಲಿ ಹುಲ್ಲು ಕೀಳಲು ಕೂತೆ.