ಸುಮ್ಮನಿದ್ದುದಕ್ಕೆ ಬರೆದುಕೊಂಡ ಒಪ್ಪಿಗೆ

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಅವರ ಜಾಗಕ್ಕೆ ನನ್ನನ್ನು ಕರೆದರು. ಇಂಟರ್ನೆಟ್ ಹೇಗೆ ನಡೆಯಬೇಕು, ಅದರಲ್ಲಿ ಯಾರ ಮಾತು ನಡೆಯಬೇಕು ಎಂದು ಫೋನಿನಲ್ಲೇ ಸಭೆ ಸೇರುವ ಒಂದು ಕಾರ್ಯಗುಂಪು ಅದು. ದೊಡ್ಡ ಊರಿನವರೇ ತುಂಬಿದ್ದ ಗುಂಪಿಗೆ ಹಳ್ಳಿಯವರೂ ಬರಲಿ ಎಂದು, ರಾಮಾಪುರದ ಬಸ್ ನಿಲ್ದಾಣದ ಬಳಿ ಅಂಗಡಿಯಿಟ್ಟು ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದ ನನ್ನ ಗಂಡನನ್ನು ಸೇರಿಸಿಕೊಂಡಿದ್ದರು. ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಕೇಳುತ್ತಿದ್ದವಳು ನಾನು.

ನನ್ನ ಮೊದಲ ಸಭೆಯಲ್ಲೇ ಹೊಸ ನಿಯಮವೊಂದನ್ನು ಓದಿದರು. ಕ್ಯಾಮೆರಾ ಹಾಕದವರು ಕೇಳಬಹುದು, ಮಾತಾಡುವಂತಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಕಡಿಮೆ, ಕ್ಯಾಮೆರಾ ಹಾಕಿದರೆ ದನಿಯೇ ಹೋಗುತ್ತದೆ. ಸಭೆಯ ಮಾತನ್ನು ನನಗೆ ಕನ್ನಡದಲ್ಲಿ ಹೇಳುವ ಹುಡುಗಿ, "ಅಮ್ಮ, ಏನಂತೀರಿ?" ಎಂದಳು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ.

ನಮ್ಮ ಕಡೆ ಬೇಡ ಎನ್ನುವುದಕ್ಕೆ ಅದೇ ಉತ್ತರ. ಮದುವೆಗೆಂದು ನನ್ನನ್ನು ಮೊದಲು ನೋಡಲು ಅಗರದಿಂದ ಬಂದವರು "ಏನಂತೀರಿ?" ಎಂದಾಗ ಅಪ್ಪ ಹೀಗೇ ಸುಮ್ಮನೆ ಕೂತಿದ್ದರು. ಅವರು ಕಾಫಿ ಮುಗಿಸಿ ಕೊಳ್ಳೇಗಾಲದ ಬಸ್ಸು ಹತ್ತಿದರು. ಯಾರಿಗೂ ಬೇಸರವಾಗಲಿಲ್ಲ.

ವಾರದ ನಂತರ ಸಭೆಯ ವರದಿ ಬಂತು. ರಾಮಾಪುರದವರೂ ಸೇರಿ ಎಲ್ಲರ ಒಪ್ಪಿಗೆಯಿದೆ, ಮುಂದಿನ ಸಭೆಯಲ್ಲಿ ಅಂತಿಮ ತೀರ್ಮಾನ ಎಂದಿತ್ತು. ನನ್ನ ಗಂಡ ಕಷ್ಟಪಟ್ಟು ಪಡೆದ ಮಾತಾಡುವ ಹಕ್ಕನ್ನು ನಾನು ಬಾಯಿ ತೆರೆಯದೆ ಕಳೆದಿದ್ದೆ.

ಸಭೆಯ ದಿನ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

"ಅದೇನ್ ಆನೆ ನುಗ್ದಂಗೆ ನಡುಗ್ತಿದ್ದೀಯೆ? ಪೋನ್ ಒಳಗಿಂದ ಯಾರೂ ಎದ್ ಬಂದು ಒಡೆಯಲ್ಲ ಕಣವ್ವ," ಎಂದರು ಅತ್ತೆ.

"ಓದ್ದೋರು ಅವ್ರು. ತಪ್ಪಾಡುದ್ರೆ ನಗ್ತಾರೆ."

"ನಗ್ಲಿ ಬುಡು. ನನ್ ಮಗ ಆಡ್ದಾಗ್ಲೂ ನಕ್ರಂತೆ. ಆಮೇಲೆ ಬರ್ಕಂಡ್ರಂತೆ."

ನಗುವಿನ ಭಯವನ್ನಷ್ಟೇ ಅವರಿಗೆ ಹೇಳಿದ್ದೆ. ಇನ್ನೊಂದನ್ನು ಹೇಳಿರಲಿಲ್ಲ. ಸಭೆ ಸೇರಿದಾಗ ಫೋನಿನಲ್ಲಿ ಕಾಣುವ ನಮ್ಮ ಚೌಕದಲ್ಲಿ ಇನ್ನೂ ನನ್ನ ಗಂಡನ ಫೋಟೋ ಇತ್ತು. ಯಾರು ಮಾತಾಡಿದರೂ ಅವರ ಫೋಟೋ ಸುತ್ತ ಹಸಿರು ಗೆರೆ ಹೊತ್ತಿಕೊಳ್ಳುತ್ತದೆ. ನಾನು ಬಾಯಿ ತೆರೆದರೆ ಹೊತ್ತಿಕೊಳ್ಳುವುದು ಇವರ ಮುಖದ ಸುತ್ತ.

ಮಧ್ಯಾಹ್ನ ಮೂರಕ್ಕೆ ಅಂಗಡಿಯ ಶಟರ್ ಅರ್ಧ ಎಳೆದು ಕೂತೆವು. "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಸಭೆ ನಡೆಸುವವರು ಕೇಳಿದರು. ಅತ್ತೆ ತೋಳು ಚಿವುಟಿದರು.

"ನಂಗೆ ಒಪ್ಗೆ ಇಲ್ಲ ಸಾ. ಓದ್ಸಲ ಸುಮ್ನಿದ್ದಿದ್ದೂ ಒಪ್ಗೆ ಅಲ್ಲ. ನಮ್ ಕಡೆ ಬ್ಯಾಡ ಅನ್ನೋರೇ ಸುಮ್ನಿರೋದು. ಕ್ಯಾಮ್ರಾ ಹಾಕುದ್ರೆ ನಮ್ ದನಿ ಕಟ್ಟಾಯ್ತದೆ."

ಹಸಿರು ಗೆರೆ ಇವರ ಮುಖ ಸುತ್ತಿ ಆರಿತು. ಆ ಕಡೆ ಎಲ್ಲರೂ ಸುಮ್ಮನಾದರು. ಅವರ ಕಡೆ ಅದಕ್ಕೆ ಏನರ್ಥವೋ ತಿಳಿಯದೆ ನಾನು ಫೋನನ್ನೇ ನೋಡುತ್ತಾ ಕೂತೆ.

ಕಡೆಗೆ ಆ ಹುಡುಗಿ ಹೇಳಿದಳು: "ಅಮ್ಮ, ನಿಯಮ ತಡೆಹಿಡಿದಿದ್ದಾರೆ. ಸುಮ್ಮನಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮತ್ತೆ ಕೇಳ್ತಾರಂತೆ. ಆಕ್ಷೇಪಣೆ ಯಾರ ಹೆಸರಲ್ಲಿ ಬರ್ಕೊಳ್ಳಲಿ? ಇಲ್ಲಿ ಸರ್ ಹೆಸರೇ ಇದೆ."

ಅತ್ತೆಯ ಕಡೆ ನೋಡಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, ನಿನ್ನ ಹೆಸರೇ ಹೇಳು ಎಂಬಂತೆ ತಲೆಯಾಡಿಸಿದರು.

ನನ್ನ ಹೆಸರು ಹೇಳಿದೆ. ಮೊದಲ ಸಲ ದನಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಿದೆ.