ನಮ್ಮ ಅತ್ತೆ ಆರಿಸಿದ ಸಂಗೀತ ಪತ್ರಿಕೆ

ಸಂಗೀತ ಪತ್ರಿಕೆಯನ್ನು ಯಾಕೆ ಓದುತ್ತೀರಿ ಎಂದು ಕೇಳಿದರೆ ಜನ ದೊಡ್ಡ ದೊಡ್ಡ ಮಾತು ಹೇಳುತ್ತಾರೆ. ರಾಗದ ವಿಚಾರ ತಿಳಿಯುತ್ತದೆ ಎನ್ನುವವರಿದ್ದಾರೆ, ಹಿಂದಿನ ವಿದ್ವಾಂಸರ ಬದುಕು ತಿಳಿಯುತ್ತದೆ ಎನ್ನುವವರಿದ್ದಾರೆ. ನಾನು ಓದುತ್ತಿದ್ದುದು ನನ್ನನ್ನು ಹುಡುಕಿಕೊಳ್ಳುವುದಕ್ಕೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಾಡುವವರೂ ಪಿಟೀಲಿನವರೂ ಒಳಗೊಳಗೆ ಅದಕ್ಕೇ ಓದುತ್ತಾರೆ. ಅವರು ಸಿಗುತ್ತಾರೆ, ನಾನು ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ನಾನು ತಂಬೂರಿಯವಳು. ಕಛೇರಿಯಲ್ಲಿ ಹಾಡುವವರ ಬೆನ್ನ ಹಿಂದೆ ತಂಬೂರಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು, ತಂತಿಗಳನ್ನು ಒಂದರ ಹಿಂದೊಂದು ಮೀಟುತ್ತಾ ಕೂರುವ ಹೆಂಗಸನ್ನು ನೀವು ನೋಡಿರುತ್ತೀರಿ. ನೋಡಿ ಮರೆತೂ ಇರುತ್ತೀರಿ. ಹಾಗೆಂದು ನಾನು ಹುಟ್ಟಿದಾಗಿನಿಂದ ತಂಬೂರಿಯವಳಲ್ಲ. ಹಾಡಬೇಕೆಂದೇ ಕೋಲಾರದ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿದೆ. ಮೇಷ್ಟ್ರು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಸುತ್ತಿನ ಊರುಗಳ ರಾಮೋತ್ಸವಗಳಲ್ಲಿ ಹಾಡುತ್ತಾರೆ. ಅವರು ನನ್ನ ಹಾಡನ್ನು ಬಹಳ ತಾಳ್ಮೆಯಿಂದ ಕೇಳಿ, ಒಂದು ದಿನ ತಾಳ್ಮೆ ಮುಗಿದು ಹೇಳಿಯೇಬಿಟ್ಟರು.

"ನೋಡಮ್ಮಾ, ನಿನ್ನ ಗಂಟಲು ಅದ್ರ ಪಾಡಿಗೆ ಅದು ಎಲ್ಲೋ ಹೋಗುತ್ತೆ. ಬೆರಳು ಮಾತ್ರ ಶ್ರುತಿ ಬಿಡಲ್ಲ. ಬೆರಳನ್ನೇ ನಂಬ್ಕೊ."

ಅಂದಿನಿಂದ ಬೆರಳನ್ನು ನಂಬಿಕೊಂಡೆ. ಮೇಷ್ಟ್ರು ಎಲ್ಲಿ ಹಾಡಿದರೂ ಹಿಂದೆ ನಾನು. ನನಗೆ ಅದೇ ಸುಖವೂ ಆಯಿತು. ಆ ನಾದದ ಮಧ್ಯೆ ಕೂತಿರುವಷ್ಟು ಹೊತ್ತು ಟೊಮೇಟೊ ರೋಗವಾಗಲಿ, ಹಸುವಿನ ಕೆಚ್ಚಲು ಬಾವಾಗಲಿ ನನ್ನ ತಲೆಗೆ ಬರುತ್ತಿರಲಿಲ್ಲ.

ಆದರೆ ತೊಂದರೆ ಬಂದದ್ದು ಹಸುವಿನಿಂದಲೇ. ನಮ್ಮದು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿರುವ ಹಳ್ಳಿ. ಗಂಡ ನರಸಾಪುರದ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಅವನ ಶಿಫ್ಟಿಗೆ ಹೊತ್ತಿಲ್ಲ ಗೊತ್ತಿಲ್ಲ. ಕಛೇರಿಗಳೆಲ್ಲ ಸಾಯಂಕಾಲ, ಡೈರಿಗೆ ಹಾಲು ಹಾಕುವುದೂ ಸಾಯಂಕಾಲ. ನಾನು ತಂಬೂರಿಗೆ ಹೋದ ದಿನ ಹಾಲು ಕರೆದು ಡೈರಿಗೆ ಹೊತ್ತೊಯ್ಯುವ ಕೆಲಸ ಅತ್ತೆಯ ಪಾಲಿಗೆ ಬೀಳುತ್ತಿತ್ತು. ಅದನ್ನೂ ಅತ್ತೆ ಸಹಿಸುತ್ತಿದ್ದರೇನೋ. ಡೈರಿಯ ಸಾಲಿನಲ್ಲಿ ನಿಂತವರು ಕೇಳುವ ಪ್ರಶ್ನೆಗಳನ್ನು ಸಹಿಸಲು ಅವರಿಂದ ಆಗಲಿಲ್ಲ.

"ಸೊಸೆ ಹಾಡ್ತಾಳಾ?"

"ಹಾಡಲ್ಲ."

"ಬಾರಿಸ್ತಾಳಾ?"

"ಬಾರ್ಸೋದೂ ಇಲ್ವಂತೆ. ಮೀಟ್ತಾಳಂತೆ."

"ಮೀಟಿದ್ರೆ ಕೇಳ್ಸುತ್ತಾ?"

ಅತ್ತೆ ಮನೆಗೆ ಬಂದವರೇ ಹಾಲಿನ ಕ್ಯಾನನ್ನು ಕುಕ್ಕಿ ಇಟ್ಟರು. ನಮ್ಮ ಮನೆಯ ಮಾತಿನಲ್ಲಿ ತೆಲುಗೂ ಕನ್ನಡವೂ ಕಲಸಿಕೊಂಡೇ ಇರುತ್ತವೆ. ಅತ್ತೆಗೆ ಸಿಟ್ಟು ಏರಿದಷ್ಟೂ ತೆಲುಗಿನ ಪಾಲು ಹೆಚ್ಚುತ್ತದೆ. ಅವತ್ತು ಅರ್ಧಕ್ಕಿಂತ ಹೆಚ್ಚಿತ್ತು.

"ಏಮೇ, ಹಾಡೋರ ಫೋಟೋ ಎಲ್ಲಾ ಯಾವ್ದೋ ಪುಸ್ತಕದಲ್ಲಿ ಬರುತ್ತೆ ಅಂತೀಯಲ್ಲ, ಆ ಪುಸ್ತಕ ಒಂದು ಮನೆಗೆ ತರ್ಸು. ಒಂದೇ ಸಾಕು, ಮನೆ ತುಂಬಾ ಬೇಡ. ಅದ್ರಲ್ಲಿ ನೀನು ಕಾಣಿಸ್ಬೇಕು. ನಾಲ್ಕು ಜನಕ್ಕೆ ತೋರಿಸ್ತೀನಿ. ಈ ರಾಮೋತ್ಸವ ಮುಗುದ್ರೂ ನೀನು ಕಾಣಿಸ್ಲಿಲ್ಲ ಅನ್ಕೊ, ತಂಬೂರಿ ಮೇಷ್ಟ್ರ ಮನೇಲಿರ್ಲಿ, ಸಾಯಂಕಾಲದ ಹಾಲು ನೀನು ಕರಿ."

ಗಂಡನ ಮುಖ ನೋಡಿದೆ. ಅವನು ಕಂಪನಿಯ ಬಸ್ಸು ಬಂತೆಂದು ಹೊರಟುಬಿಟ್ಟ. ಬಸ್ಸು ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು.

ಹೀಗಾಗಿ ನನ್ನ ಮೆಚ್ಚಿನ ಸಂಗೀತ ಪತ್ರಿಕೆ ಯಾವುದೆಂದು ತೀರ್ಮಾನಿಸುವ ಕಾಲ ಬಂತು. ಮೇಷ್ಟ್ರ ಮನೆಗೆ ಮೂರು ಪತ್ರಿಕೆ ಬರುತ್ತಿದ್ದವು. ಅವುಗಳನ್ನು ಜಗಲಿಯ ಮೇಲೆ ಹರಡಿಕೊಂಡು, ಹೆಣ್ಣು ನೋಡಲು ಬಂದವರಷ್ಟು ಗಂಭೀರವಾಗಿ ಪರೀಕ್ಷೆಗೆ ಕೂತೆ.

ಒಂದು ನುಣುಪು ಕಾಗದದ್ದು, ಇಂಗ್ಲಿಷಿನದು, ಮದರಾಸಿನ ಕಡೆಯಿಂದ ಬರುತ್ತಿತ್ತು. ಬಣ್ಣವೆಂದರೆ ಅದರದೇ ಬಣ್ಣ. ಆದರೆ ಅದರ ಫೋಟೋದವನಿಗೆ ಹಾಡುವವರ ಮುಖ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಹಲ್ಲಿನ ಮೇಲಿನ ಎಲೆಅಡಿಕೆ ಕಲೆಯವರೆಗೂ ಕಾಣುತ್ತದೆ, ಕಿವಿಯಾಚೆಗೆ ಕತ್ತರಿ. ಒಮ್ಮೆ ಮಾತ್ರ ಮೇಷ್ಟ್ರಂಥವರ ಕಛೇರಿಯೂ ಅದರ ಕಣ್ಣಿಗೆ ಬಿದ್ದು, ಫೋಟೋದ ಮೂಲೆಯಲ್ಲಿ ನನ್ನ ಮೊಣಕೈ ಬಂದಿತ್ತು. ಸಂಭ್ರಮದಿಂದ ಮನೆಗೆ ತಂದು ಗಂಡನಿಗೆ ತೋರಿಸಿದ್ದೆ. ಅವನು ಕಂಪನಿಯಲ್ಲಿ ಮಾಲು ತಪಾಸಣೆ ಮಾಡುವವನು. ಬೆಳಕಿಗೆ ಹಿಡಿದು ನೋಡಿ, "ಇದು ಮೃದಂಗದೋರ ಮಂಡಿ ಕಣೇ" ಎಂದ.

ಇನ್ನೊಂದು ಅಂಗೈಯಗಲದ ಸಣ್ಣ ಪತ್ರಿಕೆ. ಬೆಂಗಳೂರಿನದು. ಫೋಟೋ ಎಂಬುದೇ ಇಲ್ಲ. ನಿಜ ಹೇಳಬೇಕೆಂದರೆ ಓದುವುದಕ್ಕೆ ಅದರಷ್ಟು ರುಚಿಯಾದದ್ದು ಬೇರೆ ಇರಲಿಲ್ಲ. ಒಂದು ರಾಗದ ಒಂದು ಸ್ವರವನ್ನು ಎಷ್ಟು ಅಲುಗಿಸಬೇಕು ಎಂಬುದಕ್ಕೆ ಇಬ್ಬರು ವಿದ್ವಾಂಸರು ವರ್ಷಗಟ್ಟಲೆ ಅದರಲ್ಲಿ ಜಗಳವಾಡುತ್ತಿದ್ದರು. "ಪೂಜ್ಯರು", "ಮಾನ್ಯರು" ಎಂದು ಕೈಮುಗಿಯುತ್ತಲೇ ಒಬ್ಬರ ಮಾನ ಒಬ್ಬರು ತೆಗೆಯುತ್ತಿದ್ದರು. ಅದನ್ನು ಓದುತ್ತಾ ಎಷ್ಟೋ ಸಲ ನಾನು ಒಲೆಯ ಮೇಲಿನ ಸಾರು ಬತ್ತಿಸಿದ್ದೇನೆ. ಕಛೇರಿ ವಿಮರ್ಶೆಯಲ್ಲಿ ಅವರು ಪಿಟೀಲು, ಮೃದಂಗ, ಘಟ ಎಂದು ಎಲ್ಲರ ಹೆಸರೂ ಹಾಕಿ ಕೊನೆಗೆ "ಮತ್ತಿತರರು ಸಹಕರಿಸಿದರು" ಎನ್ನುತ್ತಿದ್ದರು. ಅದನ್ನೇ ಅತ್ತೆಗೆ ಓದಿ ಹೇಳಿ ನೋಡಿದೆ.

"ಮತ್ತಿತರರು ಅಂದ್ರೆ ಯಾರೇ?"

"ನಾನೇ ಅತ್ತೆ."

"ಪಿಟೀಲಿನೋರ ಡ್ರೈವರೂ ಬಂದಿದ್ದ ಅಂದಿದ್ಯಲ್ಲ, ಅವ್ನೂ ಮತ್ತಿತರರೇ ಅಲ್ವಾ?"

ಸಣ್ಣ ಪತ್ರಿಕೆಯನ್ನು ಮಡಚಿದೆ.

ಉಳಿದದ್ದು ದಪ್ಪನೆಯ ಕನ್ನಡ ಮಾಸಪತ್ರಿಕೆ. ಕಾಗದ ಒರಟು. ಬರಹಗಳಲ್ಲಿ ಎಲ್ಲ ಕಛೇರಿಯೂ "ಕರ್ಣಾನಂದಕರ", ಎಲ್ಲ ಸಭಿಕರೂ "ಕಿಕ್ಕಿರಿದ". ಫೋಟೋಗಳು ಮಸಿ ಬಳಿದ ಹಾಗೆ ಕಪ್ಪು. ಆದರೆ ಅವರು ಏನನ್ನೂ ಕತ್ತರಿಸುತ್ತಿರಲಿಲ್ಲ. ವೇದಿಕೆಯ ಈ ಕಂಬದಿಂದ ಆ ಕಂಬದವರೆಗೆ, ಬ್ಯಾನರು, ದೀಪ, ಹೂವಿನ ಕುಂಡ, ಶಾಲು ಹೊದಿಸಲು ಕಾದು ನಿಂತ ಅಧ್ಯಕ್ಷರು, ಎಲ್ಲವೂ ಬರುತ್ತಿತ್ತು. ಹೂವಿನ ಕುಂಡಕ್ಕೇ ಜಾಗವಿದೆಯೆಂದ ಮೇಲೆ ನನಗಿರುವುದಿಲ್ಲವೇ? ರುಚಿಯನ್ನು ಪಕ್ಕಕ್ಕಿಟ್ಟು ದಪ್ಪದಕ್ಕೆ ಚಂದಾ ಕಟ್ಟಿದೆ. ಸಣ್ಣದರ ಜಗಳ ಏನಾಯಿತೆಂಬ ಕುತೂಹಲ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ರಾಮೋತ್ಸವ ಶುರುವಾಯಿತು; ಊರಿಂದೂರಿಗೆ ಸರಿಯುತ್ತಾ ಅದು ಬೇಸಿಗೆಯುದ್ದಕ್ಕೂ ನಡೆಯುತ್ತದೆ. ಕೋಲಾರದ ಕಛೇರಿಯಲ್ಲಿ ನಾನು ಮಾಮೂಲಿ ಜಾಗಕ್ಕಿಂತ ಸ್ವಲ್ಪ ಎಡಕ್ಕೆ ಸರಿದು ಕೂತೆ. ಮೇಷ್ಟ್ರದು ಅಗಲವಾದ ಮೈ; ಅವರ ಹಿಂದೆ ನನ್ನಂಥವರು ಇಬ್ಬರು ಕೂತರೂ ಮುಂದಿನವರಿಗೆ ತಿಳಿಯದು. ಪತ್ರಿಕೆ ಬಂದಾಗ ನೋಡಿದರೆ ತಂಬೂರಿಯ ಬುರುಡೆಯೂ ನನ್ನ ಸೀರೆಯ ಅಂಚೂ ಬಂದಿದ್ದವು. ಮಾಲೂರಿನಲ್ಲಿ ಬಲಕ್ಕೆ ಸರಿದೆ. ಅಲ್ಲಿ ಮೈಕಿನ ಕೋಲು ಸರಿಯಾಗಿ ನನ್ನ ಮುಖದ ಮೇಲೆ ಗೆರೆ ಎಳೆದಿತ್ತು. ಕೋಲಿನ ಆಚೆಗೆ ಮುಖ ಚಾಚಲು ನಾನು ಬಗ್ಗಿದ್ದಾಗ ನನ್ನ ಉಸಿರು ತಗುಲಿ ಮೇಷ್ಟ್ರು ಆಲಾಪನೆ ನಿಲ್ಲಿಸಿ ತಿರುಗಿದ್ದರು.

"ಏನಮ್ಮಾ, ತಲೆ ಸುತ್ತುತ್ತಾ?"

ಇನ್ನು ಉಳಿದದ್ದು ಶ್ರೀನಿವಾಸಪುರ. ಅಲ್ಲಿಗೆ ಅತ್ತೆಯೂ ಹೊರಟರು. ಸಂಗೀತಕ್ಕಲ್ಲ, ಅವರ ತಂಗಿಯ ಮನೆಯ ತೋಟದಿಂದ ಉಪ್ಪಿನಕಾಯಿಗೆ ಮಾವಿನಕಾಯಿ ತರಲು. ಗಂಡನಿಗೆ ಅದೃಷ್ಟವಶಾತ್ ಅವತ್ತು ಬೆಳಗಿನ ಶಿಫ್ಟು. ಅದೃಷ್ಟ ನಮ್ಮದು, ಹಾಲು ಕರೆಯುವ ಕೆಲಸ ಅವನದು. ಕಾಯಿ ತುಂಬಿದ ಚೀಲ ಹೊತ್ತುಕೊಂಡು ಅತ್ತೆ ಸಭಾಂಗಣಕ್ಕೆ ಬಂದು, ಫ್ಯಾನಿರುವುದು ಅಲ್ಲೊಂದೇ ಎಂದು ಕಂಡುಕೊಂಡು, ಅಧ್ಯಕ್ಷರ ಮನೆಯವರಿಗೆಂದು ಇಟ್ಟಿದ್ದ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಎರಡನೆಯ ಕೀರ್ತನೆ ಶುರುವಾಗುವ ಹೊತ್ತಿಗೆ ಅವರ ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಮೇಷ್ಟ್ರ ಹೆಗಲ ಸಂದಿಯಿಂದ ಆಗಾಗ ಇಣುಕುತ್ತಿದ್ದೆ. ಮಂಗಳದವರೆಗೂ ಇಣುಕಿದಾಗೆಲ್ಲ ಅದೇ ಭಂಗಿ.

ಆ ತಿಂಗಳ ಪತ್ರಿಕೆಯನ್ನು ಪೋಸ್ಟಿನವನ ಕೈಯಿಂದಲೇ ಕಿತ್ತುಕೊಂಡು ತೆರೆದೆ. ಶ್ರೀನಿವಾಸಪುರಕ್ಕೆ ಒಂದಿಡೀ ಪುಟ ಕೊಟ್ಟಿದ್ದರು. ವೇದಿಕೆಯ ಫೋಟೋದಲ್ಲಿ ಮೇಷ್ಟ್ರ ತಲೆಯ ಮೇಲೆ ಕೊಂಬು ಮೂಡಿದ ಹಾಗೆ ನನ್ನ ತಂಬೂರಿಯ ತುದಿಯೂ ತಂತಿ ಬಿಗಿಯುವ ಎರಡು ಬಿರಡೆಗಳೂ ಕಾಣುತ್ತಿದ್ದವು. ನಾನಿರಲಿಲ್ಲ. ಅದರ ಕೆಳಗೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಫೋಟೋ, ಸಭಿಕರದು. ಅದರ ನಡುವೆ, ಆ ಪತ್ರಿಕೆಯ ಚರಿತ್ರೆಯಲ್ಲೇ ಇಲ್ಲದಷ್ಟು ಸ್ಪಷ್ಟವಾಗಿ, ಕಣ್ಣು ಮುಚ್ಚಿ ಬಾಯಿ ತೆರೆದು ನಮ್ಮ ಅತ್ತೆ. ಅಡಿಯಲ್ಲಿ ಅಚ್ಚಾಗಿತ್ತು: "ನಾದದಲ್ಲಿ ಕರಗಿಹೋದ ಹಿರಿಯ ರಸಿಕರು."

ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ವರ್ಷಗಟ್ಟಲೆ ಶ್ರುತಿ ಹಿಡಿದು ಕೂತವಳಿಗೆ ಎರಡು ಬಿರಡೆ. ಒಂದು ಸಾಯಂಕಾಲ ನಿದ್ದೆ ಮಾಡಿದವರಿಗೆ ಅರ್ಧ ಪುಟ. ಮುಚ್ಚಿಡೋಣವೆಂದರೆ ಅತ್ತೆ ಆಗಲೇ ಹಿಂದೆ ನಿಂತಿದ್ದರು.

"ಇದ್ಯಾರೇ?"

"ನೀವೇ ಅತ್ತೆ."

ನಂಬಲಿಲ್ಲ. ಕನ್ನಡಕ ತಂದು ಹಾಕಿಕೊಂಡು ಬಗ್ಗಿ ನೋಡಿದರು. "ಚೀಲ ನಮ್ದೇ" ಎಂದು ಒಪ್ಪಿಕೊಂಡರು.

ಅವತ್ತು ಸಾಯಂಕಾಲ ಹಾಲಿನ ಕ್ಯಾನಿನ ಜೊತೆ ಪತ್ರಿಕೆಯೂ ಡೈರಿಗೆ ಹೋಯಿತು. ಅಲ್ಲಿನ ಕಾರ್ಯದರ್ಶಿ ಅದನ್ನು ಸಾಲಿನವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ, ಅವತ್ತು ಯಾವ ರಾಗ ಹಾಡಿದರೆಂದು ಅತ್ತೆಯನ್ನು ಕೇಳಿದನಂತೆ. "ಒಂದೂ ಬಿಡ್ಲಿಲ್ಲಪ್ಪ, ಎಲ್ಲಾ ಹಾಡುದ್ರು" ಎಂದರಂತೆ ನಮ್ಮ ಹಿರಿಯ ರಸಿಕರು. ಮನೆಗೆ ಬಂದವರೇ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ, ಬರುವ ವರ್ಷವೂ ಇದನ್ನೇ ತರಿಸಬೇಕು ಎಂದರು. ಪತ್ರಿಕೆಯ ಆಯ್ಕೆ ಅಲ್ಲಿಗೆ ಮುಗಿಯಿತು. ನನ್ನ ವಿಚಾರ ಮುಗಿದಿರಲಿಲ್ಲ.

"ನೀನೆಲ್ಲಿದ್ದೀಯ, ತೋರ್ಸು."

ಬಿರಡೆಗಳ ಮೇಲೆ ಬೆರಳಿಟ್ಟೆ. ಅತ್ತೆ ಬಹಳ ಹೊತ್ತು ನೋಡಿದರು. ಮೇಲಿನ ಫೋಟೋ, ಕೆಳಗಿನ ಫೋಟೋ, ಮತ್ತೆ ಮೇಲಿನದು. ಪತ್ರಿಕೆ ಮಡಚಿಕೊಂಡು ಎದ್ದು ಹೋದರು. ಅವರು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮುಂದಿನ ಪಾಠದ ದಿನ ನಾನು ಹೊರಡುವಾಗ ಅತ್ತೆಯೂ ಒಳ್ಳೆಯ ಸೀರೆ ಉಟ್ಟು, ಪತ್ರಿಕೆ ಕಂಕುಳಲ್ಲಿಟ್ಟು ಸಿದ್ಧರಾಗಿದ್ದರು. ಕೋಲಾರದವರೆಗೂ ಬಸ್ಸಿನಲ್ಲಿ ಅದನ್ನು ಕೆಳಗಿಳಿಸಲಿಲ್ಲ. ಷರತ್ತೆಂದರೆ ಷರತ್ತು, ನನ್ನನ್ನು ಬಿಡಿಸಿಕೊಂಡು ಹೋಗಲೆಂದೇ ಬರುತ್ತಿದ್ದಾರೆ ಎಂದುಕೊಂಡೆ. ಇವತ್ತೇ ಕೊನೆಯ ಸಲ ಆ ತಂತಿ ಮುಟ್ಟುವುದು ಎನ್ನಿಸಿತು.

ಮೇಷ್ಟ್ರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಅತ್ತೆ ಕೂರಲೂ ಇಲ್ಲ, ಕಾಫಿ ಮುಟ್ಟಲೂ ಇಲ್ಲ. ಪತ್ರಿಕೆ ಬಿಚ್ಚಿ ಅವರ ಮುಂದೆ ಇಟ್ಟರು.

"ಏಂ ಸಾಮಿ," ಎಂದರು. ತೆಲುಗು ಬಂದದ್ದು ಕೇಳಿ ನಾನು ಗೋಡೆಯ ಕಡೆಗೆ ಸರಿದೆ. "ನೀವು ದೊಡ್ಡೋರು, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಒಂದೊಂದು ಹಾಡು ಮುಗುದ್ಮೇಲೂ ನೀವು ಫ್ಲಾಸ್ಕಿಂದ ನೀರು ಕುಡುದ್ರಿ. ಪಿಟೀಲಿನೋರು ಮುಖ ಒರೆಸ್ಕೊಂಡ್ರು. ಮೃದಂಗದೋರು ಒಬ್ರೇ ಬಾರಿಸ್ತಿದ್ದಾಗ ನೀವಿಬ್ರೂ ಸುಮ್ನೆ ಕೂತಿದ್ರಿ. ನಮ್ಮ ಹುಡುಗಿಗೆ ಮಾತ್ರ ಒಂದು ನಿಮಿಷ ಬಿಡುವು ಕೊಡ್ಲಿಲ್ವಲ್ಲ? ನಾವು ಕೂಲಿಯೋರಿಗೂ ಎಲೆಅಡಿಕೆ ಹಾಕ್ಕೊಳ್ಳೋಕೆ ಬಿಡ್ತೀವಿ."

ನನಗೆ ತಡೆಯಲಾಗಲಿಲ್ಲ. "ಅತ್ತೆ, ನೀವು ನಿದ್ದೆ ಮಾಡ್ತಿದ್ರಲ್ಲ?"

"ಮಾಡ್ತಿದ್ದೆ ಕಣೇ. ಎಚ್ಚರ ಆದಾಗೆಲ್ಲ ಯಾರಾದ್ರೊಬ್ರು ಸುಮ್ನಿರ್ತಿದ್ರು. ನಿಂದೊಂದು ಮಾತ್ರ ನಿಂತಿದ್ದು ನಾನು ಕೇಳ್ಲೇ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅದು ನಿಲ್ಲಬಾರ್ದಮ್ಮಾ," ಎಂದು ಮೆಲ್ಲಗೆ ಹೇಳಿದರು. "ನಾವೆಲ್ಲಾ ನಿಂತ್ರೂ ಅದು ನಿಲ್ಲಬಾರ್ದು. ಅದು ನಿಂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ನಂಗೇ ಗೊತ್ತಾಗಲ್ಲ."

"ಹಂಗಾ?" ಎಂದು ಅತ್ತೆ ಆ ಪುಟದ ಮೇಲೆ ಬೆರಳು ಕುಟ್ಟಿದರು. "ಮತ್ತೆ ಅದನ್ನ ಇದ್ರಲ್ಲಿ ಯಾಕೆ ಬರೀಲಿಲ್ಲ?"

ಮೇಷ್ಟ್ರು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಅವರ ಬೆನ್ನು ನೋಡಿಯೇ ಅಭ್ಯಾಸವಾಗಿದ್ದ ನನಗೆ ಆ ಮುಖವನ್ನು ಎದುರಿಸಲಾಗಲಿಲ್ಲ. ಕಣ್ಣು ತುಂಬಿ ಬಂದು, ತಂಬೂರಿಯ ಗವಸು ಬಿಚ್ಚುವ ನೆಪ ಮಾಡಿಕೊಂಡೆ.

"ಅಳೋದ್ಯಾಕೆ, ಕೂತ್ಕೊಂಡು ಮೀಟು," ಎಂದರು ಅತ್ತೆ, ಆರಿದ ಕಾಫಿಯನ್ನು ಕೈಗೆತ್ತಿಕೊಳ್ಳುತ್ತಾ. "ಹಾಲಿನ ಹೊತ್ತಿಗೆ ನಾನು ಹೋಗ್ತೀನಿ, ನೀನು ಮುಗಿಸ್ಕೊಂಡು ಬಾ."