ಪ್ರಶ್ನೆ ಕೇಳಲು ಕಲಿಸಿದ ಅಕ್ಕೋರು

ನಮ್ಮ ಅಕ್ಕೋರಿಗೆ ಎಡಗಿವಿ ಕೇಳುತ್ತಿರಲಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡಿಗೆ ಅಂಟಿಕೊಂಡ ಖೋಲಿಯಲ್ಲಿ ಹುಟ್ಟಿ ಬೆಳೆದವರು ಅವರು. ಪವರ್‌ಲೂಮಿನ ಸದ್ದಿಗೆ ಆ ಕಿವಿ ಹೋಯಿತೆಂದು ಅವರೇ ಹೇಳುತ್ತಿದ್ದರು. ಯಾರಾದರೂ ಮಾತಾಡಿದರೆ ಕುತ್ತಿಗೆ ಓರೆ ಮಾಡಿ, ಬಲಗಿವಿ ಮುಂದೆ ತಂದು, ಕಣ್ಣು ಕಿರಿದು ಮಾಡಿಕೊಂಡು ಕೇಳುತ್ತಿದ್ದರು. ಹಾಗೆ ಕೇಳುವವರ ಎದುರು ಬಾಯಿಗೆ ಬಂದದ್ದು ಹೇಳಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ.

ನಮ್ಮ ಜೂನಿಯರ್ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಪಾಠ ಮರಾಠಿಯಲ್ಲಿ. ಮಿಕ್ಕವರಿಗೆಲ್ಲ ಅವರು ಮ್ಯಾಡಂ. ನನ್ನಂಥ ಕನ್ನಡದ ಮನೆಯ ಕೆಲವು ಹುಡುಗಿಯರಿಗೆ ಮಾತ್ರ ಅಕ್ಕೋರು. ನನ್ನಪ್ಪ ರಾಯಬಾಗದ ಕಡೆಯಿಂದ ಬಂದು ಶೇಟರೊಬ್ಬರ ಮಗ್ಗ ನಡೆಸುತ್ತಿದ್ದ. ನಾನು ವೇದಿಕೆ ಏರುವವಳೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ಆ ವರ್ಷ ಕೊಲ್ಹಾಪುರದಲ್ಲಿ ಮಾದರಿ ಸಮ್ಮೇಳನ ನಡೆಯುವುದಿತ್ತು. ವಿದ್ಯಾರ್ಥಿಗಳೇ ಒಂದೊಂದು ದೇಶದ ಪ್ರತಿನಿಧಿಗಳಾಗಿ ಕೂತು, ವಾದಿಸಿ, ಕೊನೆಗೆ ಎಲ್ಲರೂ ಸೇರಿ ಒಂದು ಠರಾವು ಬರೆಯಬೇಕು. ವಿಷಯ, ಮಾನವ ಕಳ್ಳಸಾಗಣೆ. ನನ್ನ ಪಾಲಿಗೆ ಲಾವೋಸ್ ಬಂದಿತ್ತು. ಮನೆಯಲ್ಲಿ ಹೇಳಿದಾಗ ಅವ್ವ, “ಅದು ಮಿರಜದ ಆಚೀಕ ಐತೇನು?” ಎಂದು ಕೇಳಿದಳು.

ತಯಾರಿ ಕಾಲೇಜು ಬಿಟ್ಟ ಮೇಲೆ ನಡೆಯುತ್ತಿತ್ತು. ನಾನು ಮೊದಲ ದಿನ ಭಾರಿ ಭಾಷಣ ಬರೆದುಕೊಂಡು ಹೋಗಿದ್ದೆ. ಮಾನವಕುಲದ ಕಳಂಕ, ನಾಗರಿಕತೆಗೆ ಸವಾಲು, ಎಲ್ಲ ಇದ್ದವು. ಅಕ್ಕೋರು ಓರೆ ಕುತ್ತಿಗೆಯಲ್ಲೇ ಪೂರ್ತಿ ಕೇಳಿ “ಪುಢ?” ಎಂದರು. ಮುಂದೇನು ಎಂದು ಕೇಳುವ ಮರಾಠಿ ಮಾತು. ನಾನು ಹಾಳೆ ತಿರುವಿ ನೋಡುವಷ್ಟರಲ್ಲಿ ಅವರೇ ಕೇಳಿದರು:

“ಯಾರ ಬಂದ್ರು, ಏನಂತ ಹೇಳಿದ್ರು, ಹುಡಗಿ ಯಾಕ ನಂಬಿದ್ಲು? ಇದು ಗೊತ್ತಿಲ್ದ ಕಳಂಕ ಅಂದ್ರ ಏನ ಬಂತವ್ವಾ?”

ಮರುದಿನ ಅವರೇ ಹುಡುಗಿಯರನ್ನು ಕೆಲಸಕ್ಕೆಂದು ಕರೆದೊಯ್ಯುವ ಏಜೆಂಟಳ ಪಾತ್ರ ಹಾಕಿದರು. ಕುರ್ಚಿಯ ಮೇಲೆ ಕೂತು, ಸೆರಗು ಹೊದ್ದುಕೊಂಡು, ನಮ್ಮೊಬ್ಬೊಬ್ಬರ ಮನೆಯ ಕಷ್ಟ ವಿಚಾರಿಸಿದರು. ನನ್ನ ಅಪ್ಪನ ಕೆಮ್ಮು ಕೇಳಿದರು. ನನ್ನ ಅಕ್ಷರ ಹೊಗಳಿದರು. ಪುಣೆಯಲ್ಲಿ ಪರಿಚಯದ ಡಾಕ್ಟರ ಮನೆ, ಸಣ್ಣ ಕೂಸು ನೋಡಿಕೊಳ್ಳುವ ಕೆಲಸ, ಬಿಡುವಿದ್ದಾಗ ಓದು. ಆ ದನಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ, ಇದು ನಾಟಕವೆಂದು ಗೊತ್ತಿದ್ದೂ ನಾನು “ಯಾವಾಗ ಹೋಗೂದ್ರಿ?” ಎಂದೆ. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ.

“ಹಿಂಗ ಆಗ್ತೈತಿ. ಹಗ್ಗಾ ಹಿಡಕೊಂಡ ಯಾರೂ ಬರೂದಿಲ್ಲ. ಈಗ ನನಗ ಪ್ರಶ್ನಿ ಕೇಳ್ರಿ.”

ಪತ್ತೆ, ಅಂದರೆ ವಿಳಾಸ, ಯಾವುದು, ಆ ಮನೆಯವರ ಜೊತೆ ಫೋನಿನಲ್ಲಿ ಮಾತಾಡಬಹುದೇ, ಆಧಾರ್ ಕಾರ್ಡು ಯಾರ ಬಳಿ ಇರುತ್ತದೆ, ಹಿಡಿಸದಿದ್ದರೆ ತಿರುಗಿ ಬರುವುದು ಹೇಗೆ? ಇವನ್ನು ಕೋಪವಿಲ್ಲದೆ, ತಲೆ ತಗ್ಗಿಸದೆ ಕೇಳುವುದನ್ನು ಕಲಿಯಲು ನಮಗೆ ಬಹಳ ದಿನ ಬೇಕಾಯಿತು.

ದೀಪಾವಳಿ ರಜೆಗೆ ಗಡಹಿಂಗ್ಲಜದ ಹತ್ತಿರ ಅತ್ತೆಯ ಊರಿಗೆ ಹೋದೆ. ಪಡಸಾಲೆಯಲ್ಲಿ ಒಬ್ಬ ಹೆಂಗಸು ಚಹಾ ಕುಡಿಯುತ್ತ ಕೂತಿದ್ದಳು. ಅತ್ತೆಯ ಮಗಳು ಸುರೇಖಾ ಹತ್ತನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ ಮುಂಬೈಯಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸವಂತೆ. ಮಾತಿನ ನಡುವೆ ಆ ಹೆಂಗಸು ಅತ್ತೆಯ ಮೊಣಕಾಲು ನೋವು ವಿಚಾರಿಸಿದಳು. ಅಕ್ಕೋರು ನನ್ನ ಅಪ್ಪನ ಕೆಮ್ಮು ಕೇಳಿದ್ದು ನೆನಪಾಯಿತು.

“ಮಾವಶಿ, ಆ ಮನಿ ಪತ್ತೆ ಕೊಡ್ರಿ. ಅವರ ಜೋಡಿ ಒಂದೀಟ ಮಾತಾಡ್ತೇವಿ,” ಎಂದು ಆ ಹೆಂಗಸಿಗೆ ಹೇಳಿದೆ.

ಆಕೆ ನಗುತ್ತಲೇ, “ಇಷ್ಟ ಸಂಶೇ ಇದ್ರ ಬ್ಯಾಡ ಬಿಡ್ರಿ. ಬರೂ ಹುಡಗೀರು ಭಾಳ ಮಂದಿ ಅದಾರ,” ಎಂದಳು. ಅತ್ತೆ ನನ್ನನ್ನು ಒಳಗೆ ಕರೆದು ಬೈದಳು. ನಾನು ಹಿತ್ತಲಿಗೆ ಹೋಗಿ ಅಕ್ಕೋರಿಗೆ ಫೋನು ಹಚ್ಚಿದೆ.

ಮರುದಿನ ಅವರು ಎಸ್‌ಟಿ ಬಸ್ಸು ಹಿಡಿದು, ನಿಪ್ಪಾಣಿ ದಾಟಿ ಬಂದೇಬಿಟ್ಟರು. ಅತ್ತೆ ಸಮಾಧಾನ ಮಾಡಿ ಮತ್ತೆ ಕರೆಸಿದ್ದ ಆ ಹೆಂಗಸಿನ ಮೇಲೆ ಒಂದು ಆರೋಪವನ್ನೂ ಮಾಡಲಿಲ್ಲ. “ಚಲೋ ಆತ್ರಿ. ನಾನೂ ಬರ್ತೇನಿ, ಹುಡಗೀನ್ನ ಮನಿ ಮುಟ್ಟಿಸಿ, ಅಜ್ಜೀನ ಮಾತಾಡಿಸಿ ಬರ್ತೇನಿ,” ಎಂದರು. ಆಕೆ ಆಗಲಿ ಎಂದಳು, ಸಂಜೆ ಫೋನು ಮಾಡುತ್ತೇನೆಂದು ಎದ್ದು ಹೋದಳು. ಫೋನು ಬರಲಿಲ್ಲ, ನಾವು ಹಚ್ಚಿದರೆ ಬಂದ್. ಅಕ್ಕೋರು ಊರಿನ ಪೊಲೀಸ್ ಪಾಟೀಲರಿಗೆ ವಿಷಯ ತಿಳಿಸಿದರು. ಆಕೆ ಯಾರು, ಎಲ್ಲಿಯವಳು ಎಂದು ಇವತ್ತಿಗೂ ಗೊತ್ತಾಗಿಲ್ಲ.

ನಾನು ಗೆದ್ದ ಹುರುಪಿನಲ್ಲಿದ್ದೆ. ಆದರೆ ಸುರೇಖಾ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು.

“ನೀವೆಲ್ಲಾ ನಿಮ್ಮ ನಿಮ್ಮ ಊರಿಗೆ ಹೊಕ್ಕೀರಿ. ನಾಳೆ ಮುಂಜಾನಿ ಎದ್ದ ನಾ ಏನ ಮಾಡ್ಲಿ, ಅದನ್ನ ಹೇಳ್ರಿ.”

ಅಕ್ಕೋರು ಅವಳ ಎಡಕ್ಕೆ ಕೂತು ಬಲಗಿವಿ ಅವಳ ಕಡೆ ಮಾಡಿದರು. ಸುರೇಖಾಳಿಗೆ ಹೊಲಿಗೆ ಬರುತ್ತಿತ್ತು. ದುಡಿಯಬೇಕು, ನಾಲ್ಕು ಮಂದಿಯ ನಡುವೆ ಓಡಾಡಬೇಕು ಎಂಬ ಆಸೆಯಿತ್ತು. ಬಸ್ಸಿಗೆ ಹೊತ್ತಾಗುವವರೆಗೂ ಅವಳು ಹೇಳಿದಳು, ಇವರು ಕೇಳಿದರು.

ವಾರದೊಳಗೆ ಅಕ್ಕೋರು ಇಚಲಕರಂಜಿಯಲ್ಲಿ ಒಬ್ಬ ಹೆಂಗಸು ನಡೆಸುವ ಗಾರ್ಮೆಂಟ್ ಕಾರ್ಖಾನೆಯಲ್ಲಿ ಮಾತಾಡಿ ಅತ್ತೆಯನ್ನೂ ಸುರೇಖಾಳನ್ನೂ ಕರೆಸಿದರು. “ನಾ ಹೇಳೀನಂತ ಒಪ್ಪಬ್ಯಾಡ್ರಿ. ನೀವ ನೋಡ್ರಿ, ನೀವ ಕೇಳ್ರಿ,” ಎಂದು ಅತ್ತೆಯನ್ನು ಮುಂದೆ ಬಿಟ್ಟರು. ನನ್ನನ್ನು ಬೈದಿದ್ದ ಅದೇ ಅತ್ತೆ ಸಂಡಾಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ಎಂಬಲ್ಲಿಯವರೆಗೆ ವಿಚಾರಿಸಿದಳು. ಮಾಲಕಿ ಬೇಸರಿಸದೆ ಬಾಗಿಲು ಹಾಕಿ ತೆಗೆದು ತೋರಿಸಿದಳು. ಸುರೇಖಾ ನಮ್ಮ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗತೊಡಗಿದಳು.

ಇದನ್ನೇ ಸಮ್ಮೇಳನದಲ್ಲಿ ಹೇಳುತ್ತೇನೆಂದು ನಾನು ಹಿಗ್ಗಿನಿಂದ ಅಕ್ಕೋರ ಬಳಿ ಹೋದೆ. ಅವರ ಮುಖ ಗಂಭೀರವಾಯಿತು.

“ಆಕಿ ಕಥಿ ಆಕೀದು. ನಿನ್ನ ಭಾಷಣದ ಸಾಮಾನಲ್ಲ. ಬೇಕಂದ್ರ ಆಕಿ ಕೇಳಿದ ಪ್ರಶ್ನಿ ಒಯ್ಯಿ.”

ಕೊಲ್ಹಾಪುರದ ಸಭಾಂಗಣದಲ್ಲಿ ಎಲ್ಲರೂ ಗಡಿ ಕಾವಲು, ಕಠಿಣ ಶಿಕ್ಷೆ ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ವಾದಿಸುತ್ತಿದ್ದರು. ನನ್ನ ಸರದಿ ಬಂದಾಗ ಮರಾಠಿಯಲ್ಲಿ ಕೇಳಿದೆ: ತಡೆದು ಮನೆಗೆ ಕಳಿಸಿದ ಹುಡುಗಿ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು? ಕೋಟು ತೊಟ್ಟ ಹುಡುಗನೊಬ್ಬ ಎದ್ದು, ಅದು ಈ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದ. ನಾನು ಕೂರದೆ ಹೇಳಿದೆ, “ಉತ್ತರ ಇಲ್ಲದಿದ್ದರೆ ಅವಳು ಮತ್ತೆ ಹೊರಡುತ್ತಾಳೆ. ಆಗ ನಾವು ಇನ್ನೊಂದು ಸಮ್ಮೇಳನ ಮಾಡಬೇಕಾಗುತ್ತದೆ.” ಮಧ್ಯಾಹ್ನದ ಹೊತ್ತಿಗೆ ಊರ ಹತ್ತಿರವೇ ಭದ್ರವಾದ ಕೆಲಸ ಎಂಬ ಕಲಮು ಠರಾವಿಗೆ ಸೇರಿತು. ಅದನ್ನು ತಿದ್ದಿ ಬರೆಯಲು ಮೊದಲು ಬಂದವನು ಆ ಕೋಟಿನ ಹುಡುಗನೇ. ಬಹುಮಾನ ಬೇರೆಯವರಿಗೆ ಹೋಯಿತು. ಅಕ್ಕೋರು ನಮ್ಮನ್ನೆಲ್ಲ ರಂಕಾಳಾ ಕೆರೆಯ ದಂಡೆಗೆ ಕರೆದೊಯ್ದು ಭೇಳ ಕೊಡಿಸಿದರು, ಖಾರಕ್ಕೆ ತಾವೇ ಮೊದಲು ಕಣ್ಣೀರು ಸುರಿಸಿದರು.

ನಿವೃತ್ತರಾದ ಮೇಲೆ ಅವರು ಜಯಸಿಂಗಪುರದಲ್ಲಿ ತಂಗಿಯ ಮನೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಈಗ ನಾನು ಹಾತಕಣಂಗಲೆಯಲ್ಲಿ ಶಿಕ್ಷಕಿ. ಸುದ್ದಿ ಬಂದಾಗ ಸುರೇಖಾಳೂ ನಾನೂ ರೈಲಿನಲ್ಲಿ ಹೊರಟೆವು. ಅವಳೀಗ ಅದೇ ಕಾರ್ಖಾನೆಯಲ್ಲಿ ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತಾಳೆ. ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಕೂತವಳು ಮೆಲ್ಲಗೆ ಹೇಳಿದಳು:

“ಮೊದಲ ವರ್ಷ ಪೂರಾ ಶನಿವಾರಕ್ಕೊಮ್ಮಿ ಬರ್ತಿದ್ರು. ಶಿಫ್ಟ್ ಬಿಡೂ ಹೊತ್ತಿಗೆ ಗೇಟಿನ ಹೊರಗ ನಿಂತಿರ್ತಿದ್ರು. ಏನೂ ಕೇಳ್ತಿರಲಿಲ್ಲ. ನನ್ನ ಮಾರಿ ನೋಡಿ, ಮನೀಗೆ ಹೋಗವ್ವಾ ಅಂತಿದ್ರು.”

ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಹೇಳಿರಲಿಲ್ಲ.

ಈ ಜೂನ್‌ನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಕ್ಕ ಕೊಲ್ಹಾಪುರದ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಹೋಗುವ ಮೊದಲು ನನ್ನ ತರಗತಿಯ ಹುಡುಗಿಯರೆಲ್ಲ ಸೇರಿ ಕೇಳಬೇಕಾದ್ದನ್ನೆಲ್ಲ ಕೇಳಿ ತಿಳಿದುಕೊಂಡಿದ್ದರು. ಆದರೂ ಮೊದಲ ಶನಿವಾರ ನಾನು ಬಸ್ಸು ಹತ್ತಿದೆ. ಗೇಟಿನ ಬಳಿ ನಿಂತೆ. ಅವಳು ಗೆಳತಿಯರ ಜೊತೆ ನಗುತ್ತ ಹೊರಗೆ ಬಂದಳು, ನನ್ನನ್ನು ಕಂಡು ನಿಂತಳು.

“ಮ್ಯಾಡಂ, ನೀವ್ಯಾಕ ಇಲ್ಲಿ?”

“ಏನಿಲ್ಲ, ಹಂಗ ಈ ಕಡೆ ಬಂದಿದ್ದೆ,” ಎಂದೆ.